ಎರಡನೇ ಸಲ ಕಕ್ಕಿದಾಗ

ನಾನು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ವೆಟರಿನರಿ ಟೆಕ್ನಿಷಿಯನ್. ನಮ್ಮಲ್ಲಿಗೆ ನಾಯಿ ಬೆಕ್ಕಿಗಿಂತ ಹಾವು, ಆಮೆ, ಗಿಳಿಗಳೇ ಜಾಸ್ತಿ ಬರುತ್ತವೆ. ಡಾಕ್ಟರ್ ನೋಡುವ ಮೊದಲು ತೂಕ ಹಾಕುವುದು, ಸಾಕಿದವರನ್ನು ಕೂರಿಸಿಕೊಂಡು ಪೂರ್ತಿ ವಿಷಯ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹಾಗೆ ಬರೆದುಕೊಳ್ಳುವಾಗ ಒಂದು ತಪ್ಪು ಮಾಡಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

2021ರ ಫೆಬ್ರುವರಿಯ ಚಳಿ ಟೆಕ್ಸಾಸ್‌ನಲ್ಲಿ ಇದ್ದವರಿಗೆ ಮರೆಯುವ ಹಾಗಿಲ್ಲ. 15ನೇ ತಾರೀಖು ಸೋಮವಾರ ಬೆಳಗಿನ ಜಾವ ಕರೆಂಟ್ ಹೋಯಿತು. ಲಕ್ಷಾಂತರ ಮನೆಗಳು ಕತ್ತಲಲ್ಲಿದ್ದವು, ಎಷ್ಟೋ ಕಡೆ ಎರಡು ಮೂರು ದಿನ ಬರಲೇ ಇಲ್ಲ. ಮುಂದಿನ ವಾರ ಹಾಸನದ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಹದಿನೈದು ವರ್ಷ. ಕೈಯಲ್ಲಿ ಗಂಟು ಹಾಕಿದ ದಿಂಬಿನ ಕವರ್, ಅದರೊಳಗೆ ಅವನ ಕಾರ್ನ್ ಸ್ನೇಕ್, ಇಲ್ಲಿ ಮನೆಗಳಲ್ಲಿ ಸಾಕುವ ವಿಷವಿಲ್ಲದ ಹಾವು. ಹೆಸರು ಜೋಳ. ಕಿತ್ತಳೆ ಮೈ, ಮೇಲೆ ಕೆಂಪು ಮಚ್ಚೆ, ಹೊಟ್ಟೆಯಲ್ಲಿ ಕಪ್ಪು ಬಿಳಿ ಚೌಕಳಿ.

"ಏನ್ರೀ, ಹಾವಿಗೂ ಹೊಟ್ಟೆ ಕೆಡುತ್ತಾ?" ಅಂದರು ತಾಯಿ. ಊರಲ್ಲಿ ನಾಗರಕಲ್ಲಿಗೆ ತನಿ ಎರೆದು ಬೆಳೆದವರು, ಮನೆಯೊಳಗೆ ಹಾವು ಇದೆ ಅಂತ ಅತ್ತೆಗೆ ಇನ್ನೂ ಹೇಳಿರಲಿಲ್ಲ.

ಭಾನುವಾರ ಸಂಜೆ ಇಲಿ ಕೊಟ್ಟಿದ್ದಾನೆ. ರಾತ್ರಿ ಕಳೆಯುವುದರೊಳಗೆ ಕರೆಂಟ್ ಹೋಗಿದೆ. ಬುಧವಾರ ಹಾವು ಇಲಿಯನ್ನು ಕಕ್ಕಿದೆ. ನನಗೆ ಉತ್ತರ ಸಿಕ್ಕೇ ಬಿಟ್ಟಿತು. ಕಾರಣ ಅನ್ನುವ ಜಾಗದಲ್ಲಿ "ಚಳಿ" ಅಂತ ಬರೆದೆ.

ಅದು ಸುಮ್ನೆ ಊಹೆ ಆಗಿರಲಿಲ್ಲ. ಹಾವಿಗೆ ನಮ್ಮ ಹಾಗೆ ಒಳಗಿನ ಬಿಸಿ ಇಲ್ಲ. ಹೊರಗಿನ ಬಿಸಿಯಲ್ಲೇ ಅದರ ಹೊಟ್ಟೆ ಕೆಲಸ ಮಾಡಬೇಕು. ಕಾರ್ನ್ ಸ್ನೇಕಿಗೆ ತೊಟ್ಟಿಯ ಒಂದು ತುದಿಯಾದರೂ 29–30 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಿಲ್ಲದಿದ್ದರೆ ಇಡೀ ಇಲಿ ಹೊಟ್ಟೆಯಲ್ಲಿ ಕರಗುವ ಬದಲು ಕೊಳೆಯುತ್ತದೆ, ಹಾವು ಅದನ್ನು ಹೊರಗೆ ಹಾಕಿಬಿಡುತ್ತದೆ. ಕಕ್ಕಿದ ಹಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಂಥದ್ದೇ. ಬಿಸಿ ಸಾಲದೇ ಇರುವುದು, ತಿಂದ ಮರುದಿನವೇ ಎತ್ತಿ ಆಡಿಸುವುದು, ಮೈಯ ದಪ್ಪಕ್ಕಿಂತ ಬಹಳ ದೊಡ್ಡ ಇಲಿ ಕೊಡುವುದು, ಫ್ರೀಜರಿನಿಂದ ತೆಗೆದ ಇಲಿ ಒಳಗೆ ಇನ್ನೂ ಗಟ್ಟಿ ಇರುವಾಗಲೇ ಕೊಡುವುದು, ನೀರು ಸಾಲದೇ ಮೈ ಒಣಗಿರುವುದು. ಡಾಕ್ಟರ್ ಕೂಡ ಮೈಯೆಲ್ಲ ತಡವಿ ನೋಡಿ ಒಪ್ಪಿದರು. ಮಲ ತಂದಿರಲಿಲ್ಲ, ನಾವೂ ಕೇಳಲಿಲ್ಲ.

ಕಕ್ಕಿದ ಹಾವಿಗೆ ತಕ್ಷಣ ಊಟ ಕೊಡಬಾರದು. ಇದನ್ನು ನಾನು ಪ್ರತಿಯೊಬ್ಬರಿಗೂ ಎರಡು ಸಲ ಹೇಳುತ್ತೇನೆ. ಹಸಿದಿರುತ್ತೆ ಪಾಪ ಅಂತ ಮರುದಿನವೇ ಇನ್ನೊಂದು ಇಲಿ ಕೊಟ್ಟು ಹಾವನ್ನು ಕಳೆದುಕೊಂಡವರಿದ್ದಾರೆ. ಹೊಟ್ಟೆಯ ಆಸಿಡ್ ಗಂಟಲವರೆಗೂ ಬಂದು ಅನ್ನನಾಳ ಸುಟ್ಟಿರುತ್ತದೆ, ಮೈಯಲ್ಲಿನ ನೀರು, ಲವಣ ಹೋಗಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬರೀ ನೀರು, ಬಿಸಿ, ನೆಮ್ಮದಿ. ಆಮೇಲೆ ಅರ್ಧ ಗಾತ್ರದ ಇಲಿ. ಹುಡುಗ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮಾರ್ಚ್‌ನಲ್ಲಿ ಕೊಟ್ಟ ಚಿಕ್ಕ ಇಲಿ ಅರಗಿತು. ನಮಗೆಲ್ಲ ಖುಷಿ.

ಏಪ್ರಿಲ್‌ನಲ್ಲಿ ಫೋನ್ ಬಂತು. "ಆಂಟಿ, ಮತ್ತೆ ಕಕ್ಕಿದೆ. ಮೂರನೇ ದಿನ. ಬಿಸಿ ಎಲ್ಲ ಸರಿ ಇದೆ, ದಿನಾ ಅಳೀತಿದೀನಿ."

ನನ್ನ ತಪ್ಪು ಇಲ್ಲೇ ಆಯಿತು. ಎದುರಿಗೆ ಇನ್ನೂ ಆರು ಪ್ರಾಣಿ ಕಾಯುತ್ತಿದ್ದವು. ಹಳೆಯ ಶೀಟ್ ತೆಗೆದೆ, "ಚಳಿ" ಅಂತ ನನ್ನದೇ ಅಕ್ಷರ. ಹೊಟ್ಟೆ ಇನ್ನೂ ಸುಧಾರಿಸಿಲ್ಲ ಅಂದುಕೊಂಡೆ. "ಇನ್ನೆರಡು ವಾರ ಬಿಡು ಪುಟ್ಟ, ಎತ್ತಬೇಡ" ಅಂದೆ. ಅವನು ದಿನಾ ಅಳೆಯುತ್ತಿದ್ದೇನೆ ಅಂದ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಿಸಿ ಸರಿ ಇದ್ದೂ ಕಕ್ಕಿದೆ ಅಂದರೆ ಚಳಿ ಕಾರಣ ಅಲ್ಲ ಅಂತ ಅವನೇ ಹೇಳುತ್ತಿದ್ದ, ಅಲ್ವಾ?

ಮೇ ತಿಂಗಳಲ್ಲಿ ಬಂದಾಗ ತೂಕ 430 ಗ್ರಾಮಿನಿಂದ 350ಕ್ಕೆ ಇಳಿದಿತ್ತು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಡಾಕ್ಟರ್ ನನ್ನ ಬೆರಳು ಹಿಡಿದು ಜೋಳದ ಮೈಯ ನಡುಭಾಗದಲ್ಲಿ ಇಟ್ಟರು. ಸುಮಾರು ಎರಡು ತಿಂಗಳಿಂದ ಹೊಟ್ಟೆಯಲ್ಲಿ ಏನೂ ನಿಂತಿರದ ಹಾವು. ಆದರೂ ಅಲ್ಲಿ ಒಂದು ಉಬ್ಬು, ಒತ್ತಿದರೆ ರಬ್ಬರಿನ ಹಾಗೆ. ಇಲಿ ಅಲ್ಲ ಅದು, ಜಠರದ ಗೋಡೆಯೇ ಊದಿ ದಪ್ಪಗಾಗಿತ್ತು.

ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಒಂದು ಪರಾವಲಂಬಿ ಇದೆ. ಹುಳು ಅಲ್ಲ, ಒಂದೇ ಕೋಶದ ಜೀವಿ, ಕಣ್ಣಿಗೆ ಕಾಣುವುದಿಲ್ಲ. ಹಾವಿನ ಜಠರದಲ್ಲಿ ಇದು ಮಾಡುವ ಹಾನಿ 1977ರಲ್ಲೇ ಪಶುವೈದ್ಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಜಠರದ ಒಳಪದರಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಗೋಡೆ ದಪ್ಪಗಾದ ಹಾಗೆ ಒಳಗೆ ಜಾಗ ಕಡಿಮೆಯಾಗುತ್ತದೆ, ತಿಂದದ್ದು ಅರಗದೆ ವಾಪಸ್ ಬರುತ್ತದೆ. ಆ ಚಳಿಯ ವಾರದಲ್ಲೂ ಅದು ಒಳಗೆ ಇದ್ದೇ ಇತ್ತು ಅಂತ ಈಗ ನನಗನ್ನಿಸುತ್ತದೆ.

ಮೊದಲ ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಈ ಜೀವಿ ದಿನಾ ಮಲದಲ್ಲಿ ಬರುವುದಿಲ್ಲ, ಒಂದು ದಿನ ಬಂದರೆ ಹಲವು ದಿನ ಇಲ್ಲ. ಒಂದು ಸಲ ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ. ಹಾಗಾಗಿ ಹೊಟ್ಟೆ ತೊಳೆದು ನೋಡಿದೆವು. ನಾನು ಜೋಳವನ್ನು ನೆಟ್ಟಗೆ ಹಿಡಿದುಕೊಂಡೆ. ಡಾಕ್ಟರ್ ಎಣ್ಣೆ ಹಚ್ಚಿದ ಮೆತ್ತನೆಯ ಕೊಳವೆಯನ್ನು ಬಾಯಿಂದ ಜಠರದವರೆಗೆ ಇಳಿಸಿ, ಉಗುರುಬೆಚ್ಚಗಿನ ಸಲೈನ್ ಬಿಟ್ಟು, ಹೊರಗಿನಿಂದ ಮೆಲ್ಲಗೆ ನೀವಿ, ವಾಪಸ್ ಎಳೆದರು. ಸಿರಿಂಜಿನಲ್ಲಿ ಬಂದದ್ದು ಗಂಜಿಯ ತಿಳಿಯ ಹಾಗಿತ್ತು. ಅದನ್ನು ಪಿಸಿಆರ್ ಪರೀಕ್ಷೆಗೆ, ಅಂದರೆ ಜೀವಿಯ ಡಿಎನ್ಎ ಹುಡುಕುವ ಪರೀಕ್ಷೆಗೆ, ಕಳಿಸಿದೆವು. ಹಾವು ತಿಂದ ಇಲಿಯ ಹೊಟ್ಟೆಯಲ್ಲೂ ಇದೇ ಕುಲದ ಜೀವಿ ಇರಬಹುದು, ಅದು ಹಾವಿಗೆ ಏನೂ ಮಾಡದೆ ಹಾದುಹೋಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ, ಪಿಸಿಆರ್‌ನಲ್ಲಿ ಜಾತಿ ಗೊತ್ತಾಗುತ್ತದೆ. ನಮಗೆ ಬಂದದ್ದು ಹಾವಿನದ್ದೇ.

ಇದನ್ನು ಪೂರ್ತಿ ತೆಗೆದುಹಾಕುವ ಔಷಧಿ ಇಲ್ಲ. ಒಂದೆರಡು ಔಷಧಿ ಸ್ವಲ್ಪ ದಿನ ತಗ್ಗಿಸಬಹುದು, ಅಷ್ಟೇ. ಬೇರೆ ಪರಾವಲಂಬಿಗಳಿಂದಲೂ ಹಾವು ಕಕ್ಕುತ್ತದೆ. ದುಂಡುಹುಳು, ಕೊಕ್ಕೆಹುಳು ಜಾಸ್ತಿಯಾದರೆ ಔಷಧಿ ಕೊಟ್ಟು ಉಳಿಸಿದ್ದೇವೆ. ಆಮೆಯ ಹೊಟ್ಟೆಯಲ್ಲಿ ತೊಂದರೆ ಕೊಡದೆ ಇರುವ ಒಂದು ಅಮೀಬಾ ಹಾವಿಗೆ ಹೋದರೆ ಕೊಲ್ಲುತ್ತದೆ, ಅದಕ್ಕೂ ಬೇಗ ಹಿಡಿದರೆ ಔಷಧಿ ಇದೆ. ಬೋವಾ ಜಾತಿಯ ಹಾವು ಪದೇ ಪದೇ ಕಕ್ಕಿದರೆ ವೈರಸ್ ಕಾಯಿಲೆಯನ್ನೂ ನೋಡಬೇಕು. ಜೋಳದ ವಿಷಯದಲ್ಲಿ ಅಂಥ ದಾರಿ ಇರಲಿಲ್ಲ. ಜೂನ್ ಮೊದಲ ವಾರ ಅದನ್ನು ನೋವಿಲ್ಲದೆ ಕಳಿಸಿಕೊಟ್ಟೆವು. ಹುಡುಗ ಕೊನೆಯವರೆಗೂ ಕೈ ತೆಗೆಯಲಿಲ್ಲ.

ಆವತ್ತೇ ನಾನು ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ ಕೇಳಿದ್ದು. ಮನೆಯಲ್ಲಿ ಬೇರೆ ಹಾವು ಇದೆಯಾ? ಇತ್ತು. ಜನವರಿಯಲ್ಲಿ ಒಂದು ಮೇಳದಲ್ಲಿ ಕೊಂಡದ್ದು, ಹೆಸರು ರಾಗಿ. ಬೇರೆ ತೊಟ್ಟಿಯಲ್ಲಿದ್ದರೂ ಇಲಿ ಹಿಡಿಯುವ ಇಕ್ಕಳ ಒಂದೇ. ನೀರಿನ ಬಟ್ಟಲುಗಳನ್ನು ಒಟ್ಟಿಗೆ ತೊಳೆದು, ಯಾವುದು ಯಾವುದರದ್ದು ಅಂತ ನೋಡದೆ ಇಡುತ್ತಿದ್ದ. ರಾಗಿ ಚೆನ್ನಾಗಿ ತಿನ್ನುತ್ತಿತ್ತು, ದುಂಡಗಿತ್ತು. ಮೂರನೇ ಪರೀಕ್ಷೆಯಲ್ಲಿ ಅದರ ಮಲದಲ್ಲೂ ಸಿಕ್ಕಿತು. ಯಾವುದರಿಂದ ಯಾವುದಕ್ಕೆ ಹೋಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ. ಫೆಬ್ರುವರಿಯಲ್ಲಿ ಕೇಳಿದ್ದರೆ ಕನಿಷ್ಠ ಇಕ್ಕಳವಾದರೂ ಬೇರೆಯಾಗುತ್ತಿತ್ತು.

ಈಗ ನಾನು ಕೇಳುವ ಕ್ರಮವೇ ಬದಲಾಗಿದೆ. ತಿಂದು ಎಷ್ಟು ದಿನಕ್ಕೆ ಕಕ್ಕಿತು, ಇಲಿ ಹಾಗೇ ಇತ್ತಾ ಅರ್ಧ ಕರಗಿತ್ತಾ, ಬಿಸಿ ಅಳೆದದ್ದು ಗೋಡೆಗೆ ಅಂಟಿಸಿದ ಮೀಟರಿನಲ್ಲೋ ಹಾವು ಮಲಗುವ ಜಾಗದಲ್ಲೋ, ಕಳೆದ ಒಂದು ವರ್ಷದಲ್ಲಿ ಹೊಸ ಹಾವು ಬಂದಿದೆಯಾ. ಕಕ್ಕಿದ್ದನ್ನು ಎಸೆಯಬೇಡಿ, ಕವರಿನಲ್ಲಿ ಹಾಕಿ, ತಣ್ಣಗಿಟ್ಟು ತನ್ನಿ ಅನ್ನುತ್ತೇನೆ. ಎರಡನೇ ಸಲ ಕಕ್ಕಿದೆ ಅಂತ ಫೋನ್ ಬಂದರೆ ಫೋನಿನಲ್ಲಿ ಏನೂ ಹೇಳುವುದಿಲ್ಲ, ಕರೆಸುತ್ತೇನೆ. ಹೊಸ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಿ ಅಂತ ಕೇಳದಿದ್ದರೂ ಹೇಳುತ್ತೇನೆ. ಅಂದಹಾಗೆ, ಈ ಜೀವಿ ಬ್ಲೀಚಿಗೆ ಸಾಯುವುದಿಲ್ಲ. ಜೋಳದ ತೊಟ್ಟಿಯಲ್ಲಿದ್ದ ಮರದ ತುಂಡು, ಹೊಟ್ಟು ಎಲ್ಲ ಕಸಕ್ಕೆ ಹೋಯಿತು, ಬಟ್ಟಲನ್ನು ಕುದಿಸಿ ಒಣಗಿಸಿದರು.

ರಾಗಿ ಈಗಲೂ ಆ ಮನೆಯಲ್ಲಿದೆ, ಒಂಟಿಯಾಗಿ. ಬೇರೆ ಹಾವು ತರುವುದಿಲ್ಲ, ಇದನ್ನು ಯಾರಿಗೂ ಕೊಡುವುದಿಲ್ಲ ಅಂತ ಹುಡುಗನೇ ನಿರ್ಧಾರ ಮಾಡಿದ. ತಿಂಗಳಿಗೊಮ್ಮೆ ತೂಕ ಬರೆದು ಕಳಿಸುತ್ತಾನೆ. ಮೈಯ ನಡುಭಾಗ ತಡವಿ ನೋಡಿದೆ, ಉಬ್ಬಿಲ್ಲ ಆಂಟಿ, ಅಂತ ಕೆಳಗೆ ಒಂದು ಸಾಲು ಇರುತ್ತದೆ.