ಮೂನಿ ಜಲಪಾತಕ್ಕೆ ಕೊನೆಗೂ ಸುಣ್ಣ ಕಟ್ಟಿತು

ಇಂದು ಬೆಳಿಗ್ಗೆ ಹಳೆಯ ಮೀನಿನ ತೊಟ್ಟಿಯ ಗಾಜಿನ ಮುಚ್ಚಳ ಸರಿಸಿ, ಒಳಗಿಟ್ಟ ಮೂನಿ ಜಲಪಾತದ ಪುಟ್ಟ ಮಾದರಿಯ ಬಂಡೆಯ ಅಂಚನ್ನು ಉಗುರಿನಿಂದ ತಡವಿದೆ. ಉಗುರು ತಡೆಯಿತು. ಅಂಚಿನುದ್ದಕ್ಕೂ ಒಂದೂವರೆ ಮಿಲಿಮೀಟರ್ ಎತ್ತರದ ಬಿಳಿ ಏಣು ಎದ್ದಿದೆ. ಅದರ ಕೆಳಗೆ ಇಳಿಬಿಟ್ಟ ಹತ್ತಿಯ ನೂಲುಗಳ ಮೇಲೆಲ್ಲ ಕಲ್ಲಿನ ತೊಗಟೆ ಕೂತಿದೆ. ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದು ತೋರಿಸಿದೆ. ಜೂನ್ ತಿಂಗಳಿಂದ ಕಾಡಿಸಿದ ಕೆಲಸ ಕೈಗೆ ಹತ್ತಿತು.

ಅಮೆರಿಕದ ಅರಿಜೋನಾದಲ್ಲಿರುವ ಹವಾಸು ಕಣಿವೆಯ ಮಾದರಿಯನ್ನು ಮೂರು ಪೆಟ್ಟಿಗೆಗಳಲ್ಲಿ ಮಾಡುತ್ತಿದ್ದೇನೆ. ಹವಾಸು, ಮೂನಿ, ಬೀವರ್ ಎಂಬ ಮೂರು ಜಲಪಾತಗಳು, ಅಳತೆ 1:200. ಮೂನಿ ನಿಜದಲ್ಲಿ ಸುಮಾರು 60 ಮೀಟರ್, ನನ್ನ ಪೆಟ್ಟಿಗೆಯಲ್ಲಿ 30 ಸೆಂಟಿಮೀಟರ್. ಥರ್ಮೋಕೋಲ್ ಕೊರೆದದ್ದು, ಜಾಲರಿ ಸುತ್ತಿದ್ದು, ಮೊದಲ ಎರಡು ಲೇಪ, ಇವುಗಳ ಬಗ್ಗೆ ಬರೆಯುವುದಿಲ್ಲ. ಅವು ಮಾದರಿ ಮಾಡುವವರೆಲ್ಲರ ಕೈಗೂ ರೂಢಿಯಾದವು.

ಬಂಡೆಯ ಬಣ್ಣದ ಬಗ್ಗೆ ಮಾತ್ರ ಎರಡು ಮಾತು ಹೇಳಲೇಬೇಕು. ಅಲ್ಲಿನ ರೆಡ್‌ವಾಲ್ ಸುಣ್ಣಕಲ್ಲು ಹೆಸರಿಗೆ ಕೆಂಪು, ಒಡೆದರೆ ಒಳಗೆ ಬೂದು. ಮೇಲಿನ ಸುಪಾಯ್ ಪದರಗಳಿಂದ ಕಬ್ಬಿಣದ ಅಂಶ ಮಳೆನೀರಿನಲ್ಲಿ ಇಳಿದು ಸುಮಾರು 34 ಕೋಟಿ ವರ್ಷ ಹಳೆಯ ಆ ಗೋಡೆಗೆ ಕೆಂಪು ಬಳಿದಿದೆ. ಆದ್ದರಿಂದ ನಾನೂ ಗೋಡೆಯನ್ನು ಬೂದು ಬಣ್ಣದಲ್ಲೇ ಮುಗಿಸಿ, ಒಡೆದ ಮಂಗಳೂರು ಹಂಚನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಆ ಕೆಂಪು ನೀರನ್ನು ಮೇಲಿನಿಂದ ಹರಿಯಬಿಟ್ಟೆ. ಯಾವ ಡಬ್ಬಿಯ ಬಣ್ಣದಿಂದಲೂ ಈ ಕೆಂಪು ಬರುವುದಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದಂದಿನಿಂದ ನಮ್ಮ ಕರಾವಳಿಯ ಮಾಡುಗಳ ಮೇಲೆ ಕೂತಿರುವ ಕೆಂಪು ಇದು. ಅರಿಜೋನಾದ ಗೋಡೆಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ ಆ ರಾತ್ರಿ ದೀಪ ಆರಿಸಲು ಮನಸ್ಸು ಬರಲಿಲ್ಲ.

ಸಿಕ್ಕಾದದ್ದು ನೀರಿನ ಕಲ್ಲು, ಅಂದರೆ ಹರಿಯುವ ನೀರಿನಲ್ಲಿನ ಸುಣ್ಣ ಕೂತು ಕಟ್ಟುವ ಟ್ರಾವರ್ಟೈನ್. ಅದರ ಮೇಲೆ ನನಗೇಕೆ ಇಷ್ಟು ಹಟ ಎಂಬುದಕ್ಕೆ ಆ ಕಣಿವೆಯಲ್ಲಿ ನಡೆದ ದಿನವನ್ನು ಹೇಳಬೇಕು.

ಅಲ್ಲಿನ ಮೂಲನಿವಾಸಿಗಳಾದ ಹವಾಸುಪಾಯ್ ಜನರ ಆ ನೆಲಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವಂತಿಲ್ಲ. ಅನುಮತಿ ಪಡೆದು ಉಳಿಯಬೇಕು. ಫೀನಿಕ್ಸ್‌ನಲ್ಲಿರುವ ಅಕ್ಕ ಹೇಗೋ ಅನುಮತಿ ಗಿಟ್ಟಿಸಿದ್ದಳು. ರಸ್ತೆ ಮುಗಿಯುವ ವಾಲಪೈ ಹಿಲ್‌ಟಾಪ್‌ನಿಂದ ಸುಪಾಯ್ ಊರಿಗೆ ಸುಮಾರು 13 ಕಿಲೋಮೀಟರ್. ಆ ಊರಿಗೆ ರಸ್ತೆಯೇ ಇಲ್ಲ, ಇಂದಿಗೂ ಅಂಚೆ ಹೇಸರಗತ್ತೆಯ ಬೆನ್ನೇರಿ ಬರುತ್ತದೆ. ಅಲ್ಲಿಂದ ಮುಂದೆ 3 ಕಿಲೋಮೀಟರ್ ಹೋದರೆ ಡೇರೆ ಹಾಕುವ ಜಾಗ. ಆ ದಿನ ಕಾಲು ನೋಯಲಿಲ್ಲ. ಮರುದಿನದ್ದೇ ನಿಜವಾದ ನಡಿಗೆ: ಡೇರೆಯಿಂದ ಮೂನಿ ಇಳಿದು, ಬೀವರ್ ದಾಟಿ, ತೊರೆಯು ಕೊಲೊರಾಡೊ ನದಿಯನ್ನು ಸೇರುವಲ್ಲಿಯವರೆಗೆ ಹೋಗಿ ಅದೇ ದಿನ ಹಿಂದಿರುಗುವುದು. ಒಟ್ಟು ಸುಮಾರು 26 ಕಿಲೋಮೀಟರ್.

ಕುದುರೆಮುಖ, ಕೊಡಚಾದ್ರಿ ಹತ್ತಿದ ಕಾಲುಗಳಿಗೆ ದೂರ ಹೊಸದಲ್ಲ. ಆದರೆ ಅಲ್ಲಿ ನೆರಳಿಲ್ಲ, ಬೆವರು ಕಾಣುವ ಮೊದಲೇ ಒಣಗುತ್ತದೆ. ಎಷ್ಟು ನೀರು ಕಳೆದುಕೊಂಡೆವೆಂದು ಮೈ ಹೇಳುವುದೇ ಇಲ್ಲ. ಉಡುಪಿಯಲ್ಲಿ ಹತ್ತು ಹೆಜ್ಜೆಗೆ ಅಂಗಿ ಬೆನ್ನಿಗೆ ಅಂಟುವುದು ರೂಢಿಯಾದವನಿಗೆ ಇದು ದೊಡ್ಡ ಮೋಸ. ತೊರೆಯನ್ನು ಮತ್ತೆ ಮತ್ತೆ ದಾಟಬೇಕು, ಮೊಣಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ. ನಡುವೆ ಕಾಡು ದ್ರಾಕ್ಷಿಯ ಬಳ್ಳಿಗಳು ಹಬ್ಬಿ ದಾರಿಯನ್ನೇ ನುಂಗಿರುತ್ತವೆ. ಬೀವರ್ ದಾಟಿದ ಮೇಲೆ ಜನ ವಿರಳ, ದಾರಿ ತೆಳು. ಸಂಗಮದಲ್ಲಿ ನಾವು ಹೋದ ದಿನ ಕೊಲೊರಾಡೊ ಕಂದಾಗಿತ್ತು, ಹವಾಸು ತೊರೆಯ ನೀಲಿ ಅದರ ಬದಿಯಲ್ಲಿ ಸ್ವಲ್ಪ ದೂರ ಬೇರೆಯಾಗಿಯೇ ಹರಿದು ಕರಗಿತು. ಅಕ್ಕ, ಭಾವ, ನಾನು ಚಪಾತಿ ತಿಂದು ಮಾತಿಲ್ಲದೆ ಕೂತೆವು.

ಆಮೇಲೆ ಹಿಂದಿರುಗುವ ದಾರಿ. ಮೂನಿಯ ಬುಡ ಮುಟ್ಟುವಾಗ ಸಂಜೆ. ಮೇಲೆ ಹತ್ತಲು ನೀರಿನ ಸಿಂಚನದಲ್ಲಿ ನೆನೆದ ಏಣಿಗಳು, ಕಲ್ಲಿಗೆ ಬಡಿದ ಸರಪಳಿಗಳು, ಟ್ರಾವರ್ಟೈನ್ ಕೊರೆದು ಮಾಡಿದ ಎರಡು ಸುರಂಗಗಳು. 1880ರ ದಶಕದಲ್ಲಿ ಇಲ್ಲಿ ಬಿದ್ದು ಸತ್ತ ಗಣಿಗಾರ ಮೂನಿಯ ಹೆಸರೇ ಜಲಪಾತಕ್ಕೆ ಉಳಿದಿದೆ. ಕೈ ನಡುಗುತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಂತಾಗ ಮುಖದಿಂದ ಅರ್ಧ ಅಡಿ ದೂರದಲ್ಲಿ ಆ ಕಲ್ಲು. ಮಳೆಗಾಲದ ಆಟಿ ತಿಂಗಳಲ್ಲಿ ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆಗಳಂತೆ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು. ಒಂದು ಮಡಿಕೆಯೊಳಗೆ ಪಾಚಿಯ ಎಳೆಗಳು, ಒಂದು ಎಲೆಯ ನರಗಳು, ಎಲ್ಲವೂ ಕಲ್ಲಾಗಿ ಹಾಗೇ ನಿಂತಿದ್ದವು. ಇದನ್ನು ಮಾಡಲೇಬೇಕೆಂದು ಅಲ್ಲಿಯೇ, ಸರಪಳಿ ಹಿಡಿದುಕೊಂಡೇ ನಿರ್ಧರಿಸಿದ್ದೆ.

ಜೂನ್‌ನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹನಿಸಿದೆ. ಮೋಂಬತ್ತಿಯ ಮೇಣ ಇಳಿದಂತೆ ಕಂಡಿತು, ಕಿತ್ತು ಹಾಕಿದೆ. ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ಮಡಿಕೆ ಮಾಡಿದೆ. ಆಕಾರ ಸೊಗಸಾಗಿ ಬಂತು, ಹತ್ತನೇ ದಿನಕ್ಕೆ ಬೂಷ್ಟು ಹಿಡಿಯಿತು. ಬಿಳಿ ಸಿಮೆಂಟ್ ಬಿರುಕು ಬಿಟ್ಟಿತು. ಗಾಜಿನಂತೆ ಗಟ್ಟಿಯಾಗುವ ರೆಸಿನ್ ಹುಯ್ದದ್ದು ಮಳೆಗಾಲದ ತೇವಕ್ಕೆ ಗಂಜಿಯಂತೆ ಮಂಕಾಯಿತು.

ಜುಲೈ ಕೊನೆಯಲ್ಲಿ ತಾರಸಿ ಸೋರುತ್ತಿತ್ತು. ಅಮ್ಮ ಕೆಳಗೆ ಬಾಲ್ದಿ ಇಟ್ಟು ಮೇಲೆ ಬೆರಳು ತೋರಿಸಿದರು. “ಆ ಬಿಳಿ ಬಾಲವನ್ನು ಕೆರೆದು ತೆಗೆ ಮಾರಾಯ, ಕಳೆದ ಮಳೆಗಾಲಕ್ಕಿಂತ ಉದ್ದವಾಗಿದೆ.” ಸ್ಲ್ಯಾಬಿನ ಬಿರುಕಿನಿಂದ ಬೆರಳುದ್ದದ ಬಿಳಿ ಕೊಳವೆ ನೇತಾಡುತ್ತಿತ್ತು. ಏಣಿ ಇಟ್ಟು ಹತ್ತಿ ನೋಡಿದೆ. ಮೂನಿಯ ಸುರಂಗದ ಬಾಯಲ್ಲಿ ಕಂಡದ್ದು ಇದೇ ಮೈ, ಇದೇ ಪದರ.

ಕಣಿವೆಯಲ್ಲಿ ನಡೆಯುವುದು ಹೀಗೆ: ಮಳೆನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನೆಲದೊಳಗಿನ ಸುಣ್ಣಕಲ್ಲನ್ನು ಕರಗಿಸುತ್ತದೆ. ಊರಿನ ಮೇಲ್ಭಾಗದ ಒರತೆಗಳಲ್ಲಿ ವರ್ಷವಿಡೀ ಸುಮಾರು 21 ಡಿಗ್ರಿಯಲ್ಲಿ ಹೊರಬರುತ್ತದೆ. ಎಲ್ಲಿ ನೀರು ಮುಗ್ಗರಿಸಿ ತೆಳುವಾಗಿ ಬೀಳುತ್ತದೋ ಅಲ್ಲಿ ಅನಿಲ ಹಾರಿಹೋಗಿ ಸುಣ್ಣ ಕೂರುತ್ತದೆ. ಅಂಚು ಎತ್ತರವಾದಷ್ಟೂ ನೀರು ಇನ್ನೂ ತೆಳುವಾಗಿ ಹಾಯುತ್ತದೆ, ಅಂಚು ಇನ್ನೂ ಬೆಳೆಯುತ್ತದೆ. ಬೀವರ್‌ನ ಮೆಟ್ಟಿಲು ಕೊಳಗಳೆಲ್ಲ ಹೀಗೆ ಎದ್ದವು. ನೆರೆ ಬಂದರೆ ಒಂದೇ ರಾತ್ರಿಗೆ ಒಡೆಯುತ್ತವೆ. 2008ರ ಆಗಸ್ಟ್ ನೆರೆಯಲ್ಲಿ ತೊರೆ ದಾರಿ ಬದಲಿಸಿ ಹಳೆಯ ನವಾಹೊ ಜಲಪಾತ ಒಣಗಿಯೇ ಹೋಯಿತು.

ಸೋರುವ ತಾರಸಿಯಲ್ಲಿ ಇದೇ ಕಲ್ಲು ತಿರುಗುಮುರುಗಾಗಿ ಹುಟ್ಟುತ್ತದೆ. ಕಾಂಕ್ರೀಟಿನಲ್ಲಿರುವ ಅರಳಿದ ಸುಣ್ಣವನ್ನು (ನೀರಿನೊಂದಿಗೆ ಕೂಡಿದ ಸುಣ್ಣವನ್ನು) ಕರಗಿಸಿಕೊಂಡ ಹನಿ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತದೆ. ಗುಹೆಯ ತೂಗುಕಲ್ಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಬೆಳೆಯುತ್ತದೆ. ನಮಗೆ ಬೇಕಾದ್ದು ಈ ವೇಗವೇ.

ಹಾಗಾದರೆ ಸುಣ್ಣದ ತಿಳಿನೀರು ಹನಿಸಿದರಾಯಿತು. ಆದರೆ ಸುಣ್ಣ ಎಲ್ಲಿ? ಆನ್‌ಲೈನ್ ಅಂಗಡಿಯೊಂದು ‘ಶುದ್ಧ ಸುಣ್ಣ’ ಎಂದು 2 ಕಿಲೋ ಕಳುಹಿಸಿತು. ಮೂರು ವಾರ ಹನಿಸಿದರೂ ಒಂದು ಕಣ ಕೂರಲಿಲ್ಲ. ಕೊನೆಗೆ ಚಮಚದಲ್ಲಿ ತೆಗೆದು ವಿನೆಗರ್ ಬಿಟ್ಟೆ. ಭರ್ರೆಂದು ನೊರೆ ಉಕ್ಕಿತು. ಅದು ಬರಿಯ ಚಾಕ್ ಪುಡಿ! ಕರಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ದೂರು ಕೊಟ್ಟರೆ “ಬಿಳಿಯಾಗಿಯೇ ಇದೆಯಲ್ಲ” ಎಂಬ ಉತ್ತರ. ಮೂರು ವಾರಗಳನ್ನು ಯಾರೂ ಹಿಂದೆ ಕೊಡುವುದಿಲ್ಲ, ಸಿಟ್ಟು ಇನ್ನೂ ಇಳಿದಿಲ್ಲ. ದಯವಿಟ್ಟು ನೀವು ಕೊಂಡ ದಿನವೇ ವಿನೆಗರ್ ಬಿಟ್ಟು ನೋಡಿ. ಒಳ್ಳೆಯ ಅರಳಿದ ಸುಣ್ಣ ನೊರೆಯುವುದಿಲ್ಲ.

ಕಲ್ಯಾಣಪುರದ ಹೊಳೆಯ ಕಡೆ ಮರುವಾಯಿ ಚಿಪ್ಪು ಸುಡುವವರೊಬ್ಬರಿದ್ದಾರೆಂದು ಮೀನು ತರುವ ಹೆಂಗಸು ಹೇಳಿದರು. ಅವರು ಕೊಟ್ಟದ್ದು ಚಿಪ್ಪಿನ ಆಕಾರದಲ್ಲೇ ಇದ್ದ ಸುಟ್ಟ ಸುಣ್ಣ. ನೀರು ಚಿಮುಕಿಸಿದ್ದೇ ತಡ, ಬುಸುಗುಟ್ಟಿ, ಕಾದು, ಹೂವಿನಂತೆ ಅರಳಿ ಪುಡಿಯಾಯಿತು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಕಣ್ಣಿಗೆ ಹಾರಿದರೆ ಸುಡುತ್ತದೆ.

ತಣ್ಣೀರಿನಲ್ಲಿ ಸುಣ್ಣ ಹೆಚ್ಚು ಕರಗುತ್ತದೆ, ಬಿಸಿ ಮಾಡಿದರೆ ಕಡಿಮೆ. ಸಕ್ಕರೆಗೆ ತದ್ವಿರುದ್ಧ. ಆದ್ದರಿಂದ ಫ್ರಿಜ್‌ನ ನೀರು ಬಳಸಿದೆ. ಆದರೂ ಲೀಟರಿಗೆ 2 ಗ್ರಾಂ ಕೂಡ ಕರಗುವುದಿಲ್ಲ, ತಾಳ್ಮೆ ಬೇಕು. ಹನಿಸಲು ಔಷಧ ಅಂಗಡಿಯಿಂದ ಗ್ಲೂಕೋಸ್ ಏರಿಸುವ ನಳಿಗೆ ತಂದೆ. ಎರಡೇ ದಿನಕ್ಕೆ ಕಟ್ಟಿಕೊಂಡಿತು. ತೊಳೆದೆ, ಮತ್ತೆ ಕಟ್ಟಿತು. ಬಾಟಲಿಗೆ ಗಾಳಿ ಹೋಗಲು ಬಿಟ್ಟ ತೂತಿನಿಂದಲೇ ಕೇಡು: ಕಲ್ಲು ಜಲಪಾತದಲ್ಲಿ ಬೆಳೆಯುವ ಬದಲು ಬಾಟಲಿಯಲ್ಲೇ ಬೆಳೆಯುತ್ತಿತ್ತು. ಗಾಳಿ ತಡೆಯಲು ಮೇಲೆ ತೆಂಗಿನೆಣ್ಣೆಯ ಪದರ ಬಿಟ್ಟೆ. ಸುಣ್ಣವೂ ಎಣ್ಣೆಯೂ ಸೇರಿ ಸಾಬೂನಿನ ಕೆನೆಯಾಗಿ ನಳಿಗೆಗೆ ಇಳಿಯಿತು. ಒಂದು ವಾರ ಆ ಮೇಜಿನ ಹತ್ತಿರ ಹೋಗಲಿಲ್ಲ.

ಪರಿಹಾರ ಸರಳವಾಗಿತ್ತು. ಗಟ್ಟಿ ಬಾಟಲಿಯ ಬದಲು ಮೆತ್ತನೆಯ ಚೀಲ. ನೀರು ಇಳಿದಂತೆ ಚೀಲವೇ ಕುಗ್ಗುತ್ತದೆ, ಗಾಳಿ ಬೇಕಾಗುವುದಿಲ್ಲ. ದಿನಕ್ಕೆ 1 ಲೀಟರ್ ಹನಿ. ಅಂಚಿನಲ್ಲಿ ಪಾಗಾರದ ಮುರಕಲ್ಲಿನಿಂದ ಕೆರೆದ ಪಾಚಿ, ಕೆಳಗೆ ಹತ್ತಿಯ ನೂಲು.

ಕಟ್ಟತೊಡಗಿತು, ಆದರೆ ತೀರಾ ನಿಧಾನ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು ಮಾತ್ರ. ಹೆಚ್ಚಿಸುವುದು ಹೇಗೆಂದು ಯೋಚಿಸುತ್ತಿದ್ದ ರಾತ್ರಿ ಅಮ್ಮ ಇಡ್ಲಿ ಹಿಟ್ಟು ರುಬ್ಬಿ ಮುಚ್ಚಿಡುತ್ತಿದ್ದರು. ಹಿಟ್ಟು ಉಬ್ಬುವುದು ಅದೇ ಅನಿಲದಿಂದಲ್ಲವೇ! ಮೀನಿನ ತೊಟ್ಟಿಯೊಳಗೆ ಜಲಪಾತದ ಪಕ್ಕ, ಹನಿ ಸಿಡಿಯದಂತೆ ಬಟ್ಟೆ ಕಟ್ಟಿದ ಹಿಟ್ಟಿನ ಪಾತ್ರೆ ಇಟ್ಟು ಮೇಲೆ ಗಾಜು ಮುಚ್ಚಿದೆ. ಬೆಳಿಗ್ಗೆ ನೂಲಿನ ಮೇಲೆ ಹೊಸ ಬಿಳುಪು ಕಣ್ಣಿಗೆ ಕಾಣುವಷ್ಟಿತ್ತು. ಅಂದಿನಿಂದ ವಾರಕ್ಕೆ ಮೂರು ದಿನ ನಮ್ಮ ಮನೆಯಲ್ಲಿ ಇಡ್ಲಿ. ಇಂದಿಗೆ ಒಟ್ಟು 46 ದಿನ.

ಉಳಿದದ್ದು ನೀಲಿ ನೀರು. ರೆಸಿನ್ ಅನ್ನು ಜನವರಿಯ ಒಣ ಹವೆಯವರೆಗೆ ಮುಟ್ಟುವುದಿಲ್ಲ. ಆ ಬಣ್ಣದಲ್ಲಿ ತಳದ ಬಿಳಿ ಕಲ್ಲಿನ ಪಾಲು ದೊಡ್ಡದು, ಆದ್ದರಿಂದ ರೆಸಿನ್‌ಗೆ ಬಣ್ಣ ಅತಿ ಕಡಿಮೆ ಸೇರಿಸಿ ಕೊಳದ ತಳವನ್ನೂ ಇದೇ ಸುಣ್ಣದಲ್ಲಿ ಕಟ್ಟುತ್ತೇನೆ.

ಇದರ ನಡುವೆ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪ ತಲೆಯಲ್ಲಿ ಕೂತಿದೆ. 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಆ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಬಿರಿದು ಆದವು. ಅವನ್ನೂ ಕೆತ್ತದೆ ಬಿರಿಯುವಂತೆಯೇ ಮಾಡಬೇಕು. ಮೆಕ್ಕೆಜೋಳದ ಪಿಷ್ಟವನ್ನು (ಕಾರ್ನ್‌ಫ್ಲೋರ್) ನೀರಿನಲ್ಲಿ ಕಲಸಿ ದೀಪದ ಕೆಳಗೆ ಒಣಗಿಸಿದರೆ ಸಣ್ಣ ಸಣ್ಣ ಕಂಬಗಳಾಗಿ ಒಡೆಯುತ್ತದೆ. ನಿನ್ನೆ ಒಂದು ಲೋಟ ಇಟ್ಟಿದ್ದೇನೆ, ಅಂಚಿನಲ್ಲಿ ಆಗಲೇ ಬಿರುಕು ಕಾಣುತ್ತಿದೆ.

ಮೂನಿಯ ಎಡಬದಿಯನ್ನು ಈಗ ಹೊರಗೆ ತೆಗೆದಿಟ್ಟಿದ್ದೇನೆ, ಬೀವರ್‌ನ ಮೊದಲ ಮೆಟ್ಟಿಲು ತೊಟ್ಟಿಗೆ ಇಳಿಯಿತು. ಚೀಲ ತುಂಬಿದೆ. ಅಮ್ಮ ಉದ್ದು ನೆನೆಹಾಕಿದ್ದಾರೆ.