ಅದೇ ಗುಂಡಿ, ಅದೇ ಅರ್ಜಿ

2025ರ ಜುಲೈ ತಿಂಗಳ ಒಂದು ಭಾನುವಾರ. ಕೈಯಲ್ಲಿ ಒಂದು ಅರ್ಜಿ, ಜೇಬಲ್ಲಿ ಎರಡು ಪೆನ್ನು. ನಮ್ಮ ಸೊಸೈಟಿಯಲ್ಲಿ ಎರಡು ವಿಂಗ್, ಒಟ್ಟು 48 ಮನೆ. ಲಿಫ್ಟ್ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದವನು ಎಲ್ಲಾ ಬಾಗಿಲು ತಟ್ಟಿ ಮಧ್ಯಾಹ್ನ ಒಂದೂವರೆಗೆ ಕೆಳಗಿಳಿದೆ. ಆಗ ಅರ್ಜಿಯ ಮೇಲೆ ಇದ್ದದ್ದು ಹನ್ನೊಂದು ಸಹಿ.

ನಾವಿರೋದು ಮುಂಬೈಯ ಸೆಂಟ್ರಲ್ ಲೈನಿನಲ್ಲಿ, ಠಾಣೆ ದಾಟಿದ ಮೇಲೆ. ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದವರು ಜಾಸ್ತಿ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರಿದ್ದಾರೆ, ವಿಜಯಪುರ, ಕಲಬುರಗಿ ಕಡೆಯಿಂದ ರೈಲ್ವೆಗೆ ಸೇರಿದವರಿದ್ದಾರೆ. ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅದಕ್ಕೇ ಆ ದಿನ ನನಗೆ ಅಷ್ಟು ನೋವಾಯಿತು.

ಆಗಿದ್ದು ಇಷ್ಟು. ಅದಕ್ಕೂ ಮೂರು ದಿನ ಮೊದಲು ಎ ವಿಂಗಿನ ಕುಂದಾಪುರದ ಅಕ್ಕ ಬೆಳಿಗ್ಗೆ ಹಾಲು ತರಲು ಹೋದರು. ರಾತ್ರಿಯಿಡೀ ಮಳೆ ಬಂದಿತ್ತು, ಗೇಟಿನ ಹೊರಗೆ ಮೊಣಕಾಲುದ್ದ ನೀರು. ಅಲ್ಲಿ ಗಟಾರದ ಮೇಲಿನ ಸಿಮೆಂಟಿನ ಮುಚ್ಚಳ ಒಡೆದು ವಾರವೇ ಆಗಿತ್ತು. ಯಾರೋ ಪುಣ್ಯಾತ್ಮರು ಒಂದು ಮರದ ಕೊಂಬೆ ಸಿಕ್ಕಿಸಿ, ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಮಳೆಗೆ ಕೊಂಬೆ ವಾಲಿ ನೀರಲ್ಲಿ ಮುಳುಗಿತ್ತು. ಅಕ್ಕನ ಕಾಲು ನೇರ ಒಳಗೆ ಹೋಯಿತು. ಮುರಿದ ಮುಚ್ಚಳದಿಂದ ಕಬ್ಬಿಣದ ಸರಳು ಹೊರಗೆ ಚಾಚಿಕೊಂಡಿತ್ತು, ಸೊಂಟದ ಹತ್ತಿರ ಸೀರೆ ಅದಕ್ಕೆ ಸಿಕ್ಕಿಕೊಂಡಿದ್ದರಿಂದ ಪೂರ್ತಿ ಒಳಗೆ ಹೋಗಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಕೈ ಹಿಡಿದು ಮೇಲೆಳೆದದ್ದು ನಮ್ಮ ವಾಚ್‌ಮನ್. ಹಾಲಿನ ಪ್ಯಾಕೆಟ್ ಮಾತ್ರ ತೇಲಿಕೊಂಡು ಗೇಟಿನ ತನಕ ಬಂದಿತ್ತು.

ನಾನು ಬರೆದ ಅರ್ಜಿಯಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ. ಮುಚ್ಚಳ ಹಾಕಿ, ಈ ಗಟಾರದ ಕೆಲಸ ಯಾವಾಗ, ಯಾರು, ಎಷ್ಟಕ್ಕೆ ಮಾಡಿದರು ಹೇಳಿ, ಆಗ ಓಡಾಡಿ ಈ ಕೆಲಸ ಮಾಡಿಸಿದ ಜನಪ್ರತಿನಿಧಿ ಒಮ್ಮೆ ಬಂದು ನಮಗೆ ಉತ್ತರ ಕೊಡಲಿ. ಮೂರೇ ಮಾತು.

ಮೊದಲು ಹೋದದ್ದು ಬಿ ವಿಂಗಿನ ಕಾಕಾರ ಮನೆಗೆ. ವಿಜಯಪುರದ ಕಡೆಯವರು, ರೈಲ್ವೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಅರ್ಜಿ ಬರೆಯೋದನ್ನು ನನಗೆ ಕಲಿಸಿದವರೇ ಅವರು. ತಾರೀಕು ಎಲ್ಲಿ ಹಾಕಬೇಕು, ವಿಷಯ ಎಷ್ಟು ಸಾಲಲ್ಲಿ ಹೇಳಬೇಕು, ಎರಡನೇ ಪ್ರತಿಯ ಮೇಲೆ ಪೋಚ್ ತಗೊಳ್ಳದೆ ಕೌಂಟರ್ ಬಿಡಬಾರದು ಅಂತ ಹೇಳಿಕೊಟ್ಟವರು. ಪೋಚ್ ಅಂದರೆ ಕಾಗದ ಮುಟ್ಟಿತು ಅನ್ನುವ ಸಿಕ್ಕೆ. ಇಲ್ಲಿ ಮರಾಠಿಯವರು, ಕನ್ನಡದವರು ಎಲ್ಲರೂ ಹಾಗೇ ಹೇಳೋದು.

ಕಾಕಾ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ವಾಪಸ್ ಕೊಟ್ಟರು.

"ತಮ್ಮಾ, ಈಗ ಬ್ಯಾಡ. ಅಂವ ಈಗ ನಮ್ಮ ಕಡೆ ಬಂದಾನ. ಇಲೆಕ್ಷನ್ ಬ್ಯಾರೆ ಮುಂದ ಐತಿ. ಇದನ್ನ ಹಿಡ್ಕೊಂಡು ಎದುರಿನವರು ಕುಣೀತಾರ."

'ಅಂವ' ಅಂದರೆ ನಮ್ಮ ಹಳೆಯ ನಗರಸೇವಕ, ಪಾಲಿಕೆಯ ಕಾರ್ಪೊರೇಟರ್. ಹಳೆಯ ಅನ್ನೋದು ಯಾಕೆಂದರೆ ಆಗ ಮುಂಬೈ ಸುತ್ತಮುತ್ತ ನಗರಸೇವಕರೇ ಇರಲಿಲ್ಲ. ಬೃಹನ್ಮುಂಬೈ ಪಾಲಿಕೆಯ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು. ಮೀಸಲಾತಿ, ವಾರ್ಡ್ ವಿಂಗಡಣೆ ಅಂತ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು, ಕೊನೆಗೆ 2025ರ ಮೇನಲ್ಲಿ ಸುಪ್ರೀಂ ಕೋರ್ಟು ನಾಲ್ಕು ತಿಂಗಳಲ್ಲಿ ಸ್ಥಳೀಯ ಚುನಾವಣೆ ಮಾಡಿ ಅಂತ ಹೇಳಿತ್ತು. ಅಲ್ಲಿಯವರೆಗೆ ಎಲ್ಲಾ ಕಡೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಆದರೂ ಬಡಾವಣೆಯಲ್ಲಿ ಬ್ಯಾನರ್ ಹಾಕೋದು, ಉದ್ಘಾಟನೆಗೆ ನಿಲ್ಲೋದು ಅದೇ ಮನುಷ್ಯ. ಮೂರು ವರ್ಷದೊಳಗೆ ಮಹಾರಾಷ್ಟ್ರದಲ್ಲಿ ಎರಡು ದೊಡ್ಡ ಪಕ್ಷ ಒಡೆದವು, 2022ರಲ್ಲಿ ಶಿವಸೇನೆ, 2023ರಲ್ಲಿ ಎನ್‌ಸಿಪಿ. ಆ ಗಾಳಿಗೆ ನಮ್ಮ ಕಡೆಯ ಸಣ್ಣಪುಟ್ಟ ಲೀಡರುಗಳೂ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹಾರಿದರು. ಇವನೂ ಹಾರಿದ.

ನಾನು ಏನೂ ಹೇಳದೆ ಎದ್ದು ಬಂದೆ. ಮೇಲಿನ ಮನೆಯಲ್ಲಿ ಒಬ್ಬ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಒಳ್ಳೆಯವನು, ಕರೋನಾ ಟೈಮಲ್ಲಿ ಎಲ್ಲರ ಮನೆಗೂ ತರಕಾರಿ ತಂದುಕೊಟ್ಟವನು. ಅವನು ಬಾಗಿಲಲ್ಲೇ ನಿಂತು ಕೇಳಿದ, "ಅಂಕಲ್, ಬೇಜಾರು ಮಾಡ್ಕೋಬೇಡಿ. ಹಿಂದಿನವರು ಇದ್ದಾಗಲೂ ನೀವು ಹೀಗೆ ಅರ್ಜಿ ಹಿಡ್ಕೊಂಡು ಬಂದಿದ್ರಾ?"

"2017ರಲ್ಲಿ ಬಂದಿದ್ದೆ" ಅಂದೆ.

"ಆಮೇಲೆ?"

ಉತ್ತರ ಹೊಳೆಯಲಿಲ್ಲ. ಅವನು ಸಹಿ ಹಾಕಲಿಲ್ಲ. ಇನ್ನು ಕೆಲವರು ಬಾಗಿಲು ಅರ್ಧ ತೆರೆದು ಕಾರಣ ಹೇಳಿದರು. ಯಜಮಾನರು ಮನೇಲಿಲ್ಲ, ಆಮೇಲೆ ಬನ್ನಿ, ಸೆಕ್ರೆಟರಿ ಹಾಕಿದ್ರಾ, ಹೀಗೆ. ಅದು ಹೋಗಲಿ. ಆದರೆ ಹನ್ನೆರಡು ಮನೆಯಲ್ಲಾದರೂ ನನಗೆ ಸಿಕ್ಕ ಮೊದಲ ಪ್ರಶ್ನೆ, ಇದು ಯಾರ ಪರ? ಅಕ್ಕನ ಕೈ ಹೇಗಿದೆ ಅಂತ ಕೇಳಿದವರು ನಾಲ್ಕೇ ಜನ.

ಊಟ ಆದ ಮೇಲೆ ಮಂಚದ ಕೆಳಗಿನ ಟ್ರಂಕಿನಿಂದ ಹಳೇ ಫೈಲು ತೆಗೆದೆ. 2017ರ ಸೆಪ್ಟೆಂಬರ್ ಅರ್ಜಿ ಇತ್ತು. ಅದೇ ಗೇಟು, ಅದೇ ಗಟಾರ, ಅದೇ ನಗರಸೇವಕ. ಆಗ ಅವನು ಬೇರೆ ಪಕ್ಷದಲ್ಲಿದ್ದ. ಆ ವರ್ಷ ಆಗಸ್ಟ್ 29ರ ಮಳೆಯಲ್ಲಿ ಮುಂಬೈಯ ಒಬ್ಬ ಹೆಸರಾಂತ ವೈದ್ಯರು ಮನೆಗೆ ನಡೆದು ಹೋಗುವಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಹೋದರು. ಎರಡು ದಿನದ ಮೇಲೆ ವರ್ಲಿಯ ಹತ್ತಿರ ಶವ ಸಿಕ್ಕಿತು. ಎಲ್ಲರಿಗೂ ಹೆದರಿಕೆ ಹುಟ್ಟಿತ್ತು, ಅದಕ್ಕೇ ನಾನು ಬರೆದದ್ದು. 39 ಸಹಿ. ಮೊದಲನೆಯದು ಕಾಕಾರದ್ದು, ದುಂಡು ಅಕ್ಷರ, ಕೆಳಗೆ ಎರಡು ಗೆರೆ.

ಅದನ್ನು ನೋಡುತ್ತಾ ಸುಮಾರು ಹೊತ್ತು ಕೂತೆ. ಮನುಷ್ಯ ಬದಲಾಗಿಲ್ಲ, ಗುಂಡಿ ಬದಲಾಗಿಲ್ಲ. ಬದಲಾದದ್ದು ಅವನ ಹೆಗಲ ಮೇಲಿನ ಶಾಲು ಮಾತ್ರ. ಎಂಟು ವರ್ಷದ ಹಿಂದೆ ಅವನನ್ನು ಕೇಳಲೇಬೇಕು ಅಂದ ಕೈ ಈಗ ಪೆನ್ನು ಮುಟ್ಟಲಿಲ್ಲ.

ಇದೇ ಕಾಕಾ ನನಗೆ ಎಷ್ಟೋ ಸಲ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕತೆ ಹೇಳಿದ್ದಾರೆ. 1956ರಲ್ಲಿ ತಮಿಳುನಾಡಿನ ಅರಿಯಲೂರಿನ ಹತ್ತಿರ ರೈಲು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಮಂತ್ರಿಯಾಗಿದ್ದ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಹಳಿ ತಪ್ಪಿಸಿದ್ದು ಅವರೇನಲ್ಲ, ಆದರೂ ಹೊಣೆ ಹೊತ್ತರು. ಅಷ್ಟು ಹಿಂದೆ ಹೋಗೋದೂ ಬೇಡ. ಇದೇ ಮಹಾರಾಷ್ಟ್ರದಲ್ಲಿ ಹೈಕೋರ್ಟಿನ ತೀರ್ಪು ಬಂದದ್ದಕ್ಕೆ 1982ರಲ್ಲಿ ಅಂತುಳೆ ಮುಖ್ಯಮಂತ್ರಿ ಪದವಿ ಬಿಟ್ಟರು. ಮಗಳ ಎಂಡಿ ಪರೀಕ್ಷೆಯ ಅಂಕದ ವಿಷಯದಲ್ಲಿ ಹೈಕೋರ್ಟು ಮಾತಾಡಿದ ಮೇಲೆ 1986ರಲ್ಲಿ ನಿಲಂಗೇಕರ್ ಬಿಟ್ಟರು. 2008ರ ನವೆಂಬರಿನ ಮುಂಬೈ ಉಗ್ರರ ದಾಳಿಯ ಮೇಲೆ ದಿಲ್ಲಿಯಲ್ಲಿ ಗೃಹಮಂತ್ರಿ ಶಿವರಾಜ್ ಪಾಟೀಲ್, ಇಲ್ಲಿ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಮತ್ತು ಗೃಹಮಂತ್ರಿ ಆರ್.ಆರ್. ಪಾಟೀಲ್ ಕುರ್ಚಿ ಬಿಟ್ಟರು. ಅವರೆಲ್ಲ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಆರ್.ಆರ್. ಪಾಟೀಲ್ ಮರುವರ್ಷವೇ ಗೃಹಮಂತ್ರಿಯಾಗಿ ವಾಪಸ್ ಬಂದರು. ಆದರೆ 2008ರ ಆ ವಾರ ನಮ್ಮ ಲೋಕಲ್ ಟ್ರೈನಿನ ಡಬ್ಬಿಯಲ್ಲಿ ಅವರಿಗೇ ಓಟು ಹಾಕಿದ ಜನ ಬಾಯಿಬಿಟ್ಟು ಹೇಳುತ್ತಿದ್ದರು, ಇವರು ಇಳಿಯಲೇಬೇಕು ಅಂತ. ನಾನೇ ಕಿವಿಯಾರೆ ಕೇಳಿದ್ದೇನೆ. ಕುರ್ಚಿಯಲ್ಲಿ ಕೂತವರಿಗೆ ಎದುರು ಪಕ್ಷದವರ ಕೂಗಿಗಿಂತ ತಮ್ಮವರ ಆ ಮಾತು ಜಾಸ್ತಿ ಚುಚ್ಚುತ್ತದೆ.

ಈಗ ಆ ಮಾತೇ ಇಲ್ಲ. ಮುಂಬೈಯ ಆದರ್ಶ ಸೊಸೈಟಿ ಅನ್ನುವ ಕಟ್ಟಡದ ಫ್ಲಾಟ್ ಹಗರಣದಲ್ಲಿ 2010ರಲ್ಲಿ ಅಶೋಕ್ ಚವಾಣ್ ಮುಖ್ಯಮಂತ್ರಿ ಸ್ಥಾನ ಬಿಟ್ಟಾಗ ಬಿಜೆಪಿಯವರು ಎಷ್ಟು ಕೂಗಿದ್ದರು. 2024ರಲ್ಲಿ ಅದೇ ಪಕ್ಷ ಅವರನ್ನು ಸೇರಿಸಿಕೊಂಡು ರಾಜ್ಯಸಭೆಗೆ ಕಳಿಸಿತು. ನಮ್ಮ ಕರ್ನಾಟಕದ ಕಡೆ ನೋಡಿದರೆ ಅದೇ ಕತೆ ತಿರುಗಿ ಬರುತ್ತದೆ. 2012ರಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿದ ಪ್ರಕರಣದಲ್ಲಿ ಆರೋಪ ಬಂದು ಬಿಜೆಪಿಯ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರಾದ ಲಕ್ಷ್ಮಣ ಸವದಿಯವರನ್ನು 2019ರಲ್ಲಿ ಅದೇ ಬಿಜೆಪಿ ಉಪಮುಖ್ಯಮಂತ್ರಿ ಮಾಡಿತು. 2023ರಲ್ಲಿ, ಹಿಂದೆ ರಾಜೀನಾಮೆ ಕೇಳಿದ್ದ ಕಾಂಗ್ರೆಸ್ಸೇ ಟಿಕೆಟ್ ಕೊಟ್ಟಿತು. ಆರೋಪ ನಿಜವೋ ಸುಳ್ಳೋ ಹೇಳಬೇಕಾದವರು ಬೇರೆ. ನಾನು ಹೇಳೋದು ಕೂಗಿದವರ ಬಗ್ಗೆ, ಅಂದರೆ ನಮ್ಮ ಬಗ್ಗೆ. ತಪ್ಪು ಅಂತ ಅನ್ನಿಸಿದ್ದು ಯಾವಾಗ ಸರಿ ಆಯಿತು? ಯಾರಾದರೂ ನಮ್ಮ ಹತ್ತಿರ ಬಂದು ಹೇಳಿದರಾ?

ಹುಡುಗ ಕೇಳಿದ "ಆಮೇಲೆ?" ಮನಸ್ಸಲ್ಲೇ ಕೂತಿತ್ತು. ಫೈಲಿನಲ್ಲಿ 2017ರ ನಂತರ ಆ ಗಟಾರದ ಬಗ್ಗೆ ಒಂದೂ ಕಾಗದ ಇಲ್ಲ. ಮೊಬೈಲು ತೆಗೆದು ಹಳೆಯ ಫೋಟೋ ಹುಡುಕಿದೆ. 2021ರ ಜೂನ್, ಅದೇ ಜಾಗ, ಮುಚ್ಚಳದಲ್ಲಿ ಅಂಗೈ ಅಗಲದ ತೂತು, ಪಕ್ಕದಲ್ಲಿ ಯಾರೋ ಇಟ್ಟ ಇಟ್ಟಿಗೆ. ಫೋಟೋ ತೆಗೆದವನು ನಾನೇ, ಯಾರಿಗೂ ಕಳಿಸಿರಲಿಲ್ಲ. ಆಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದವರು ನನಗೆ ಬೇಕಾದವರು. ಕರೋನಾ ಕಷ್ಟ ಇದೆ, ಪಾಪ ಅವರೇನು ಮಾಡುತ್ತಾರೆ, ಈಗ ಕಾಗದ ಹಾಕಿದರೆ ಬೇರೆಯವರಿಗೆ ಲಾಭ ಅಂತ ನಾನೂ ಲೆಕ್ಕ ಹಾಕಿದ್ದೆ. ಕಾಕಾ ಬಾಯಲ್ಲಿ ಹೇಳಿದ್ದನ್ನು ನಾನು ಮನಸ್ಸಲ್ಲೇ ಹೇಳಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ. ಅವತ್ತು ಬರೆದಿದ್ದರೆ ಅಕ್ಕನ ಕೈ ಉಳಿಯುತ್ತಿತ್ತೇನೋ. ಇದನ್ನು ಬರೆಯುವಾಗಲೂ ನನಗೆ ಕಷ್ಟ ಆಗುತ್ತಿದೆ.

ಅಕ್ಕ ಬೀಳುವುದಕ್ಕೂ ಒಂದು ತಿಂಗಳ ಹಿಂದಿನ ಮಾತೂ ನೆನಪಾಯಿತು. ಜೂನ್ 9ರ ಬೆಳಿಗ್ಗೆ ಮುಂಬ್ರಾ ತಿರುವಿನಲ್ಲಿ ಎದುರುಬದುರು ಬಂದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಬಿದ್ದು, ಆ ದಿನವೇ ನಾಲ್ಕು ಜನ ಸತ್ತರು. ಅದು ನಾವು ದಿನಾ ಹೋಗುವ ದಾರಿ. ಮರುದಿನ ಡಬ್ಬಿಯಲ್ಲಿ ಮಾತು ಬಂತು. ಹೊಸ ಗಾಡಿ ಯಾಕಿಲ್ಲ, ಬಾಗಿಲು ಮುಚ್ಚುವ ಗಾಡಿ ಯಾವಾಗ ಬರುತ್ತದೆ ಅಂತ ಎರಡು ನಿಮಿಷ ನಡೆಯಿತು. ಆಮೇಲೆ ಕಲ್ಯಾಣದಿಂದ ದಾದರ್ ತನಕ ಯಾರ ಸರ್ಕಾರ ಎಷ್ಟು ವರ್ಷ ಇತ್ತು ಅನ್ನುವ ಜಗಳ. ನಾನೂ ಬಾಯಿ ಹಾಕಿದ್ದೆ.

ಸಂಜೆ ಅಕ್ಕನ ಮನೆಗೆ ಹೋದೆ. ಬಿದ್ದವರ ಸಹಿ ಬೇಕಲ್ವಾ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದರು. "ಎಡಗೈಯಲ್ಲಿ ಹಾಕ್ರೆ ಆತ್ತಾ?" ಅಂದರು. ಆಗುತ್ತದೆ ಅಂದೆ. ಪೆನ್ನು ಹಿಡಿಯೋಕೆ ಬಾರದೆ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬರೆದರು. ಅವರ ಮಗ ಸೊಸೆ ಇಬ್ಬರದ್ದೂ ಸೇರಿ ಹದಿನಾಲ್ಕಾಯಿತು.

ಆಮೇಲೆ ಮತ್ತೆ ಕಾಕಾರ ಮನೆ. ವಾದ ಮಾಡಬಾರದು ಅಂತ ನಿಶ್ಚಯ ಮಾಡಿಕೊಂಡೇ ಹೋದೆ. 2017ರ ಅರ್ಜಿ ಮತ್ತು ನನ್ನ ಮೊಬೈಲಿನ 2021ರ ಫೋಟೋ, ಎರಡನ್ನೂ ಅವರ ಮುಂದಿಟ್ಟೆ. ನಾನೂ ಸುಮ್ಮನಿದ್ದೆ ಕಾಕಾ, ಅಂದೆ. ಅವರು ತಮ್ಮ ಸಹಿಯ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ನೋಡಿದರು. ಕಾಕೂ ಚಹಾ ತಂದಿಟ್ಟರು. ಯಾರೂ ಮಾತಾಡಲಿಲ್ಲ. "ನಾಳೆ ಎಷ್ಟೊತ್ತಿಗೆ ಹೊಂಟಿ?" ಅಂತ ಮಾತ್ರ ಕೇಳಿದರು.

ಸೋಮವಾರ ಹತ್ತೂವರೆಗೆ ವಾರ್ಡ್ ಆಫೀಸಿಗೆ ನನ್ನ ಜೊತೆ ಬಂದರು. ಸಹಿ ಹಾಕಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಬೇರೆ ಕಾಗದದಲ್ಲಿ ಬರೆದು, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ದೆ. ಗುತ್ತಿಗೆದಾರ ಕೆಲಸ ಮುಗಿಸಿದ ಮೇಲೂ ಇಂತಿಷ್ಟು ವರ್ಷ, ಒಡೆದರೆ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು, ಅದಕ್ಕೆ ಡಿಎಲ್‌ಪಿ ಅಂತಾರೆ. ಈ ಗಟಾರಕ್ಕೆ ಆ ಅವಧಿ ಇನ್ನೂ ಇದೆಯಾ ಅಂತ ಕೇಳಿದ್ದೆ. (ಇದೆ ಅಂತ ಆಮೇಲೆ ಉತ್ತರ ಬಂತು. ಗಣಪತಿ ಹಬ್ಬದ ಹೊತ್ತಿಗೆ ಹೊಸ ಮುಚ್ಚಳವೂ ಬಂತು. ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಗುಂಡಿ, ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಮನೆಯವರಿಗೆ 6 ಲಕ್ಷ, ಗಾಯ ಆದವರಿಗೆ 50 ಸಾವಿರದಿಂದ ಎರಡೂವರೆ ಲಕ್ಷದ ತನಕ ಪರಿಹಾರ ಕೊಡಬೇಕು ಅಂತ ಹೇಳಿದೆ. ಆ ಆದೇಶದ ಪ್ರತಿ ಅಕ್ಕನ ಮಗನಿಗೆ ಕೊಟ್ಟಿದ್ದೇನೆ. ಬಂದು ಉತ್ತರ ಕೊಡಿ ಅಂತ ಕೇಳಿದ್ದೆವಲ್ಲ, ಅವನು ಮಾತ್ರ ಬರಲಿಲ್ಲ.)

ಕೌಂಟರಿನಲ್ಲಿದ್ದ ಗುಮಾಸ್ತ ಕಾಗದ ತಿರುಗಿಸಿ ನೋಡಿ, ಯಾವ ಪಕ್ಷದ ಕಡೆಯಿಂದ ಅಂತ ಮರಾಠಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಹೇಳಿದರು, ಪಕ್ಷದವರಲ್ಲ, ಅಲ್ಲೇ ಇರುವವರು. ಅವನು ಇನ್ನೇನೂ ಕೇಳದೆ ಒಂದು ಪ್ರತಿ ಒಳಗಿಟ್ಟುಕೊಂಡು ಇನ್ನೊಂದನ್ನು ಹಾಗೇ ವಾಪಸ್ ಕೊಡಲು ಬಂದ. ಕಾಕಾ ತಗೊಳ್ಳಲಿಲ್ಲ. "ಪೋಚ್" ಅಂದರು. ಅವನು ಸಿಕ್ಕೆ ಒತ್ತಿ, ತಾರೀಕು ಹಾಕಿಕೊಟ್ಟ.

ವಾಪಸ್ ಬರುವಾಗ ರಿಕ್ಷಾ ಬೇಡ ಅಂದರು. ಮಳೆ ಸ್ವಲ್ಪ ನಿಂತಿತ್ತು, ಒಂದೇ ಛತ್ರಿಯ ಕೆಳಗೆ ನಡೆದೆವು. ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯ ಮುಂದೆ ಅವರು ನಿಂತರು.

"ನನಗೊಂದು ಪ್ರತಿ ಮಾಡ್ಸು" ಅಂದರು. "ಇದೂ, ಹದಿನೇಳರದ್ದೂ. ಎರಡೂ."