ಜರಡಿ ಅಲ್ಲಮ್ಮಾ, ಪೊರೆ

ಬೆಂಜೀನ್, ಸೈಕ್ಲೋಹೆಕ್ಸೇನ್ ಅನ್ನೋ ಎರಡು ದ್ರವ ಬೇರೆ ಮಾಡೋಕೆ ಲ್ಯಾಬಿನಲ್ಲಿ ಪೊರೆ ಮಾಡ್ತಿದ್ದೇನೆ. ಇವತ್ತೂ ಪೊರೆಯಲ್ಲಿ ತೂತು. ಮೂರನೇ ಸಲ.

ಗಾಜಿನ ಮೇಲಿಂದ ಬಿಡಿಸುವಾಗ ಚೆನ್ನಾಗೇ ಇತ್ತು, ಹಾಲಿನ ಕೆನೆ ಥರ ತೆಳ್ಳಗೆ. ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ಕಪ್ಪು ಚುಕ್ಕಿಗಳು. ಪೊರೆಗೆ ಬೆರೆಸುವ ಗ್ರಾಫೀನ್ ಆಕ್ಸೈಡ್, ಅಂದರೆ ಇಂಗಾಲದ ಅತಿ ಸಣ್ಣ ಕಣ, ಗಂಟು ಕಟ್ಟಿತ್ತು. ಪಿವಿಎ (ಪೊರೆಗೆ ಬಳಸುವ ಪಾಲಿಮರ್) ದ್ರಾವಣಕ್ಕೆ ಈ ನ್ಯಾನೋ ಕಣ ಜಾಸ್ತಿ ಆದರೆ ಹೀಗೇ. ಮುದ್ದೆ ತಿರುವಲು ಬರದವರ ಕೈಲಿ ಹಿಟ್ಟು ಗಂಟಾಗುತ್ತಲ್ಲ, ಹಾಗೆ. ಗಂಟಿನ ಪಕ್ಕ ಸಂದು, ಸಂದಿನಲ್ಲಿ ಎರಡೂ ದ್ರವ ನುಗ್ಗುತ್ತವೆ.

ಭಾನುವಾರ ಮಂಡ್ಯಕ್ಕೆ ಹೋದಾಗ ಅಮ್ಮ ಕೇಳಿದ್ದರು, "ಅದೇನೋ ಜರಡಿ ಮಾಡ್ತೀಯಂತಲ್ಲ, ಸುಮ್ನೆ ಕುದಿಸಿದ್ರೆ ಬೇರೆ ಆಗಲ್ವಾ ಮಗಾ?"

ಆಗಲ್ಲಮ್ಮ. ಬೆಂಜೀನ್ ಕುದಿಯುವುದು 80.1 ಡಿಗ್ರಿಗೆ, ಸೈಕ್ಲೋಹೆಕ್ಸೇನ್ 80.7ಕ್ಕೆ. ಬೆರೆತ ಮೇಲಂತೂ ಒಟ್ಟಿಗೇ ಆವಿಯಾಗುವ ಹಟ. ಇದು ಜರಡಿಯೂ ಅಲ್ಲ. ಬೆಂಜೀನ್ ಪೊರೆಯೊಳಗೆ ಕರಗುತ್ತದೆ, ಮೆಲ್ಲಗೆ ದಾಟುತ್ತದೆ, ಆಚೆ ಬದಿಯ ನಿರ್ವಾತಕ್ಕೆ ಆವಿಯಾಗಿ ಬರುತ್ತದೆ. ಆ ಆವಿ ದ್ರವ ಸಾರಜನಕದಲ್ಲಿಟ್ಟ ಗಾಜಿನ ಕೊಳವೆಗೆ ಬಂದು, ಒಳಗೋಡೆಗೆ ಬೆಳ್ಳಗೆ ಮಂಜಿನಂತೆ ಕಟ್ಟಿಕೊಳ್ಳುತ್ತದೆ. ನೋಡೋಕೇ ಚೆಂದ. ಸೈಕ್ಲೋಹೆಕ್ಸೇನ್ ಬಹುಪಾಲು ಈಚೆಯೇ ಉಳಿಯುತ್ತದೆ.

ಎರಡರಲ್ಲೂ ಆರಾರು ಇಂಗಾಲ. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆದರೂ ಪೊರೆಗೆ ಒಂದರ ಮೇಲೇ ಒಲವು. ನಮ್ಮಜ್ಜಿಗೂ ಮೊಮ್ಮಕ್ಕಳಲ್ಲಿ ಹೀಗೇ ಇತ್ತು. ಕೊಬ್ಬರಿ ಮಿಠಾಯಿ ಯಾವಾಗಲೂ ಅಣ್ಣನ ಜೇಬಿಗೆ. ನಾನು ಸೈಕ್ಲೋಹೆಕ್ಸೇನ್, ಅಲ್ವಾ!

ನಾಳೆ ಕಣ ಕಡಿಮೆ ಹಾಕಿ, ಶಬ್ದದ ಅಲೆಯಿಂದ ಗಂಟು ಬಿಡಿಸುವ ಸೋನಿಕೇಟರ್‌ನಲ್ಲಿ ಇನ್ನೂ ಅರ್ಧ ಗಂಟೆ ಇಡುತ್ತೇನೆ. ಈಗ ಕುಕ್ಕರಹಳ್ಳಿ ಕೆರೆ ಕಡೆ ಒಂದು ಸುತ್ತು. ಯಾರಾದ್ರೂ ಬರ್ತೀರಾ?